ಲೈಟ್ ಕ್ರೂಸರ್: ಹಗುರವಾದದ್ದು ಯಾವುದು?

ಉತ್ತರ ಕರ್ನಾಟಕದಲ್ಲಿ ಕ್ರೂಸರ್ ಅಂದರೆ ಜಾತ್ರೆಗೋ ಮದುವೆಗೋ ಊರಿನವರನ್ನೆಲ್ಲ ತುಂಬಿಕೊಂಡು ಹೋಗುವ ಗಾಡಿ. ಪದ ಮಾತ್ರ ಕಡಲಿನದು. ಅಡ್ಡ ಹಾಯುವುದು, ಅತ್ತಿಂದಿತ್ತ ಓಡಾಡುವುದು ಎಂಬ ಅರ್ಥದ ಡಚ್ ಮಾತಿನಿಂದ ಹುಟ್ಟಿದ್ದು. ದಂಡಿನ ಜೊತೆ ಕಟ್ಟುಬೀಳದೆ ಕಡಲಿನಲ್ಲಿ ಸುತ್ತುತ್ತ ಶತ್ರುವನ್ನು ಹುಡುಕುವ, ವ್ಯಾಪಾರದ ಹಡಗುಗಳನ್ನು ಕಾಯುವ ಯುದ್ಧನೌಕೆಯೇ ಕ್ರೂಸರ್.

ಅದಕ್ಕೆ ‘ಲೈಟ್’ ಸೇರಿದ್ದು ಹೇಗೆ? ‘ಲಘು ನೌಕೆ’ ಎಂದು ಕನ್ನಡಿಸಿದರೆ ದೋಣಿಗಿಂತ ತುಸು ದೊಡ್ಡದೇನೋ ಅನ್ನಿಸಿಬಿಡುತ್ತದೆ. ಇಲ್ಲಿ ಹಗುರವಾದದ್ದು ಹಡಗಲ್ಲ, ಅದರ ಕವಚ. 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸಣ್ಣ ಕ್ರೂಸರ್‌ಗಳಿಗೆ ಒಳಗಿನ ಒಂದು ಡೆಕ್ಕಿಗೆ ಮಾತ್ರ ಉಕ್ಕಿನ ರಕ್ಷಣೆ ಇರುತ್ತಿತ್ತು. ಪಕ್ಕೆಗೂ ದಪ್ಪ ಕವಚ ತೊಟ್ಟ ‘ಆರ್ಮರ್ಡ್ ಕ್ರೂಸರ್’ಗಳೋ, ಬೆಳೆದು ಬೆಳೆದು 14,000 ಟನ್ ದಾಟಿದ್ದವು. ಆವಿಯ ಬಲದಿಂದ ತಿರುಗುವ ಟರ್ಬೈನ್ ಎಂಜಿನ್ ಬಂತು, ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಬಾಯ್ಲರ್ ಬಂತು. ಆಗ ಸಣ್ಣ ಹಡಗೂ ಪಕ್ಕೆಗೆ ತೆಳು ಕವಚ ತೊಟ್ಟು ಜೋರಾಗಿ ಓಡಬಹುದು ಎಂದಾಯಿತು. 1912ರ ಯೋಜನೆಯ ಅರೆಥೂಸಾ ವರ್ಗದ ಹಡಗುಗಳನ್ನು ‘ಲೈಟ್ ಆರ್ಮರ್ಡ್ ಕ್ರೂಸರ್’ ಎಂದು ಕರೆದರು. ಬಳಕೆಯಲ್ಲಿ ನಡುವಿನ ಪದ ಬಿದ್ದುಹೋಯಿತು. ಅರ್ಥ ಅಡಗಿದ್ದದ್ದು ಆ ಬಿದ್ದುಹೋದ ಪದದಲ್ಲೇ.

ಇಂಥ ಬ್ರಿಟಿಷ್ ಲೈಟ್ ಕ್ರೂಸರನ್ನು ಕಣ್ಣಾರೆ ನೋಡಬೇಕೆಂದರೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಎಚ್‌ಎಂಎಸ್ ಕ್ಯಾರೊಲಿನ್ ಇದೆ. 1914ರ ಸೆಪ್ಟೆಂಬರ್‌ನಲ್ಲಿ ಬರ್ಕನ್‌ಹೆಡ್‌ನಲ್ಲಿ ನೀರಿಗಿಳಿದ ಹಡಗು. ಸುಮಾರು 3,750 ಟನ್, 136 ಮೀಟರ್ ಉದ್ದ, ವೇಗ 28.5 ನಾಟ್, ಅಂದರೆ ಗಂಟೆಗೆ ಸುಮಾರು 53 ಕಿ.ಮೀ. ಪಕ್ಕೆಯ ಕವಚ ಹೆಚ್ಚೆಂದರೆ 3 ಇಂಚು. ಅದರ ಫಿರಂಗಿಗಳನ್ನು ಕೂರಿಸಿದ ಬಗೆಯೇ ಅದರ ಕೆಲಸ ಏನೆಂದು ಹೇಳುತ್ತದೆ. ಮುಂಭಾಗದಲ್ಲಿದ್ದದ್ದು ಡೆಸ್ಟ್ರಾಯರ್ ಎಂಬ ವೇಗದ ಸಣ್ಣ ಯುದ್ಧನೌಕೆಗಳನ್ನು ಬೆನ್ನಟ್ಟಲು ಸಾಲುವ 4 ಇಂಚು ಬಾಯಿಯವು. 6 ಇಂಚಿನ ಎರಡು ದೊಡ್ಡವು ಹಿಂಭಾಗದಲ್ಲಿ. ದೊಡ್ಡ ಹಡಗು ಎದುರಾದರೆ ತಿರುಗಿ ಓಡಬೇಕು, ಓಡುತ್ತಲೇ ಹಿಂದಕ್ಕೆ ಗುಂಡು ಹಾರಿಸಬೇಕು! ಇದನ್ನು ಹೇಡಿತನ ಅನ್ನಬಾರದು. ಕಂಡದ್ದನ್ನು ಬದುಕಿ ಬಂದು ಹೇಳುವುದೇ ಬೇಹಿನ ಹಡಗಿನ ಕರ್ತವ್ಯ.

1916ರ ಮೇ 31ರಂದು ಬ್ರಿಟನ್, ಜರ್ಮನಿಗಳ ನೌಕಾಪಡೆಗಳು ಕಾದಾಡಿದ ಜಟ್ಲೆಂಡ್ ಕದನದಲ್ಲಿ ಶತ್ರು ಕಂಡಿದ್ದಾನೆಂದು ಮೊದಲು ತಿಳಿಸಿದ್ದು ಗಲಾಟಿಯಾ ಎಂಬ ಲೈಟ್ ಕ್ರೂಸರ್. ಅಂದು ಸಂಜೆಗತ್ತಲಲ್ಲಿ ಕ್ಯಾರೊಲಿನ್‌ನ ಕ್ಯಾಪ್ಟನ್ ಕ್ರೂಕ್‌ಗೆ ದೊಡ್ಡ ಹಡಗುಗಳ ಸಾಲೊಂದು ಕಂಡಿತು. ಅವು ನಮ್ಮವೇ, ದಾಳಿ ಬೇಡ ಎಂದರು ಮೇಲಧಿಕಾರಿ ಅಡ್ಮಿರಲ್ ಜೆರಮ್. ಅಲ್ಲ, ಶತ್ರುವಿನವೇ ಎಂದು ಕ್ರೂಕ್ ಪಟ್ಟು ಹಿಡಿದರು. ಹಾಗಾದರೆ ಖಚಿತವಿದ್ದರೆ ಹೊಡೆಯಿರಿ ಎಂಬ ಉತ್ತರ ಬಂತು. ಕ್ಯಾರೊಲಿನ್, ಜೊತೆಗಿದ್ದ ರಾಯಲಿಸ್ಟ್ ಎರಡೂ ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊ ಬಿಟ್ಟವು. ಗುರಿ ತಪ್ಪಿತು, ನಿಜ. ಆದರೆ ಗುರುತು ಹಿಡಿದದ್ದರಲ್ಲಿ ತಪ್ಪಿರಲಿಲ್ಲ, ಎದುರಿಗಿದ್ದದ್ದು ಜರ್ಮನ್ ಹಡಗುಗಳೇ. ಆ ಕದನದಲ್ಲಿ ಕಾದಾಡಿದ ಹಡಗುಗಳಲ್ಲಿ ಇಂದಿಗೂ ನೀರಿನ ಮೇಲೆ ಉಳಿದಿರುವುದು ಕ್ಯಾರೊಲಿನ್ ಒಂದೇ. ಈಗ ಅದು ವಸ್ತುಸಂಗ್ರಹಾಲಯ.

ಪದದ ಅರ್ಥ ಇನ್ನೊಮ್ಮೆ ಹೊರಳಿದ್ದು 1930ರ ಲಂಡನ್ ನೌಕಾ ಒಪ್ಪಂದದಲ್ಲಿ. ಫಿರಂಗಿಯ ಬಾಯಿ 6.1 ಇಂಚಿನೊಳಗಿದ್ದರೆ ಲೈಟ್, ಮೀರಿದರೆ ಹೆವಿ ಎಂದು ಗೆರೆ ಎಳೆದರು. ಕವಚದಿಂದ ಫಿರಂಗಿಗೆ ದಾಟಿತು ಆ ‘ಹಗುರ’. ಹಾಗಾಗಿಯೇ ಕ್ಯಾರೊಲಿನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ತೂಕದ ಎಚ್‌ಎಂಎಸ್ ನೈಜೀರಿಯಾ ಕೂಡ ಲೈಟ್ ಕ್ರೂಸರ್ ಎನಿಸಿಕೊಂಡಿತು, ಅದರ ಫಿರಂಗಿಗಳು 6 ಇಂಚಿನವು. ಆ ಹಡಗನ್ನು ಭಾರತ ಕೊಂಡು 1957ರಲ್ಲಿ ನೌಕಾಪಡೆಗೆ ಸೇರಿಸಿ ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು ಅದೇ. ಅದರ ಲಾಂಛನ ನಮ್ಮ ಗಂಡಭೇರುಂಡ.