ಕುದ್ರುವಿನ ಸೇತುವೆ ಬದಲಿಸುವ ಹೊತ್ತು ಯಾವುದು?

ನೀರು ಇಳಿದಿರುವಾಗ ಅಳಿವೆ ಹತ್ತಿರ ಕುದ್ರುವಿಗೆ, ಅಂದರೆ ಹೊಳೆ ನಡುವಿನ ದ್ವೀಪಕ್ಕೆ, ಹೋಗುವ ಯಾವುದಾದರೂ ಹಳೆ ಸೇತುವೆಯ ಅಡಿಗೆ ದೋಣಿಯಲ್ಲಿ ಹೋಗಿ ನೋಡಿ. ಕಂಬದ ಬುಡದಲ್ಲಿ ಚಿಪ್ಪುಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಉಬ್ಬರದ ನೀರು ದಿನವೂ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಆ ಪಟ್ಟೆಯೇ ಹೇಳುತ್ತದೆ. ಸೇತುವೆ ಪರೀಕ್ಷೆಗೆ ಹೋದಾಗ ನಾನು ಮೊದಲು ನೋಡುವುದು ಅದರ ಮೇಲಿನ ಒಂದೆರಡು ಮೊಳ ಜಾಗವನ್ನು. ತುಕ್ಕಿನ ಕಂದು ಗೆರೆ ಹೆಚ್ಚಾಗಿ ಅಲ್ಲೇ ಮೊದಲು ಕಾಣಿಸುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಡಬ್ ಅಂತ ಟೊಳ್ಳು ಸದ್ದು.

ಮೇಲೆ ರಸ್ತೆಯಲ್ಲಿ ಹೋಗುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಡಾಂಬರು ಹೊಸದು, ತಡೆಗೋಡೆಗೆ ಬಣ್ಣ ಬಳಿದಿದೆ. ಹಾಗಾಗಿ ಊರಿನ ಮಾತೆಲ್ಲ ವಯಸ್ಸಿನ ಮೇಲೆಯೇ. ಐವತ್ತು ವರ್ಷ ಆಯಿತು, ಕೆಡವಿ ಎನ್ನುತ್ತಾರೆ ಒಬ್ಬರು. ಬ್ರಿಟಿಷರ ಕಾಲದ್ದೇ ಗಟ್ಟಿಯಾಗಿದೆ, ಇದಕ್ಕೇನಾಗುತ್ತೆ ಎನ್ನುತ್ತಾರೆ ಇನ್ನೊಬ್ಬರು. ಬರೀ ವಯಸ್ಸು ನೋಡಿ ತೀರ್ಮಾನ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಯವರೆಗೆ ಹೋಗಿ ಮುಟ್ಟಿದೆಯಾ, ಇಲ್ಲವಾ? ಕೇಳಬೇಕಾದ್ದು ಇದನ್ನು.

ಒಳ್ಳೆಯ ಕಾಂಕ್ರೀಟು ತುಂಬಾ ಕ್ಷಾರ. ಆ ಕ್ಷಾರದಿಂದ ಕಂಬಿಯ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟುತ್ತದೆ, ಅದಿರುವವರೆಗೆ ತುಕ್ಕು ಹಿಡಿಯುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ನಿಧಾನವಾಗಿ ಒಳಗಿಳಿದು ಆ ಪೊರೆಯನ್ನು ಮುರಿಯುತ್ತದೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಆಮ್ಲಜನಕ ಸಿಗುವುದು ಕಮ್ಮಿ, ಅಲ್ಲಿ ತುಕ್ಕು ನಿಧಾನ. ನೀರು ಏರಿ ಇಳಿಯುವಲ್ಲಿ, ಅಲೆ ಸಿಡಿಯುವಲ್ಲಿ ಕತೆಯೇ ಬೇರೆ. ನೆನೆದಾಗ ಉಪ್ಪು ಒಳಗೆ ಹೋಗುತ್ತದೆ, ಒಣಗಿದಾಗ ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಆ ಒತ್ತಡಕ್ಕೆ ಕಾಂಕ್ರೀಟು ಬಿರಿಯುತ್ತದೆ, ಆಮೇಲೆ ಉಪ್ಪಿಗೆ ಬಾಗಿಲು ತೆರೆದಂತೆಯೇ.

ಸಮುದ್ರದಿಂದ ಒಳಗಿದ್ದೇವೆ, ನಮಗೇನು ಚಿಂತೆ ಎನ್ನುವ ಹಾಗೂ ಇಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ಎಲ್ಲವೂ ಸಿಹಿನೀರು. ಬೇಸಿಗೆಯಲ್ಲಿ ಉಪ್ಪುನೀರು ಹಲವು ಕಿಲೋಮೀಟರ್ ಮೇಲಕ್ಕೆ ಏರುತ್ತದೆ. ಅದನ್ನು ತಡೆಯಲಿಕ್ಕೆಂದೇ ಅಲ್ಲವಾ ಇಷ್ಟೊಂದು ಕಿಂಡಿ ಅಣೆಕಟ್ಟುಗಳು? ಅಳಿವೆ ಬದಿಯ ಹೊಯಿಗೆಯನ್ನೇ (ಮರಳನ್ನೇ) ತೆಗೆದು, ಹೊಳೆ ನೀರಲ್ಲೇ ಕಲಸಿ ಕಟ್ಟಿದ ಸಂಕಗಳಿದ್ದರೆ (ಕಿರುಸೇತುವೆಗಳಿದ್ದರೆ) ಅವುಗಳ ಹೊಟ್ಟೆಯಲ್ಲಿ ಉಪ್ಪು ಹುಟ್ಟಿನಿಂದಲೇ ಇರುತ್ತದೆ.

ಉಪ್ಪು ಎಲ್ಲಿಗೆ ಬಂದಿದೆ ಎಂದು ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಕಂಬಕ್ಕೆ ತೂತು ಕೊರೆಯುತ್ತೇವೆ. ಮೊದಲ ಒಂದೂವರೆ ಸೆಂಟಿಮೀಟರಿನ ಪುಡಿ ಒಂದು ಪೊಟ್ಟಣಕ್ಕೆ, ಮುಂದಿನ ಒಂದೂವರೆ ಇನ್ನೊಂದಕ್ಕೆ, ಹೀಗೆ ಕಂಬಿಯ ಆಳದವರೆಗೆ. ಲ್ಯಾಬಿನಲ್ಲಿ ಪ್ರತಿ ಪೊಟ್ಟಣದ ಕ್ಲೋರೈಡ್ ಅಳೆದರೆ ಉಪ್ಪು ಎಷ್ಟು ಒಳಗೆ ಬಂದಿದೆ ಎಂಬುದರ ನಕ್ಷೆ ಸಿಗುತ್ತದೆ. ನಾಲ್ಕೈದು ವರ್ಷ ಬಿಟ್ಟು ಮತ್ತೆ ಅಲ್ಲೇ ಕೊರೆದರೆ ಅದು ಯಾವ ವೇಗದಲ್ಲಿ ಬರುತ್ತಿದೆ ಎಂದೂ ತಿಳಿಯುತ್ತದೆ. ಆಗ ಬದಲಿಸುವ ವರ್ಷವನ್ನು ಮೊದಲೇ ಅಂದಾಜು ಮಾಡಬಹುದು. ಕರಾವಳಿಯ ಪ್ರತಿ ಸೇತುವೆಗೂ ಇಂಥ ದಾಖಲೆ ಇರಲೇಬೇಕು.

ಇದನ್ನು ಮಾಡದೆ ಸುಮ್ನೆ ತೇಪೆ ಹಾಕುತ್ತಾ ಹೋಗುವುದು ನನಗೆ ತುಂಬ ಬೇಸರ ತರಿಸುವ ವಿಷಯ. ಉದುರಿದ ಜಾಗ ಕೆತ್ತಿ ಹೊಸ ಗಾರೆ ತುಂಬಿದರೆ ಆ ಜಾಗದ ಕಂಬಿ ಸುರಕ್ಷಿತ. ಆದರೆ ಅದೇ ಕಂಬಿ ಪಕ್ಕದ ಹಳೆ ಕಾಂಕ್ರೀಟಿನೊಳಗೂ ಮುಂದುವರಿದಿರುತ್ತದೆ, ಅಲ್ಲಿ ಉಪ್ಪು ಹಾಗೇ ಇದೆ. ಎರಡರ ನಡುವೆ ಸಣ್ಣ ವಿದ್ಯುತ್ ಹರಿದು ತೇಪೆಯ ಅಂಚಿನಲ್ಲೇ ತುಕ್ಕು ಜೋರಾಗುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆಯ ಸುತ್ತ ಹೊಸ ಬಿರುಕು. ಕಂಬಿಯ ಬದಲು ತಾನು ಸವೆಯುವ ಸತುವಿನ ತುಂಡು (ಆನೋಡ್) ಕೂರಿಸಿ ಇದನ್ನು ತಡೆಯಬಹುದು, ಆದರೆ ಅದು ಕಾಲ ದೂಡುವ ಉಪಾಯ ಅಷ್ಟೇ.

ಪಕ್ಕದ ಗೋವಾದಲ್ಲಿ 1970ರಲ್ಲಿ ತೆರೆದ ಮಾಂಡವಿ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಅದಕ್ಕೆ ಆಗಿದ್ದ ವಯಸ್ಸು ಬರೀ ಹದಿನಾರು. ಹೊಸ ಸೇತುವೆ ಬರುವವರೆಗೆ ಜನ ವರ್ಷಗಟ್ಟಲೆ ಫೆರಿ ಕಾಯಬೇಕಾಯಿತು. ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಸಾಲಿನಲ್ಲಿ 1912ರ ರೈಲು ಸೇತುವೆಗಳನ್ನೇ ರಸ್ತೆಯಾಗಿಸಿಕೊಂಡಿದ್ದರು. 1980ರ ಆಸುಪಾಸಿನಲ್ಲಿ 37 ಸೇತುವೆಗಳನ್ನು ಬದಲಿಸಿದರು. ತುಕ್ಕು ಬಾರದಿರಲಿ ಎಂದು ಹೊಸವುಗಳಲ್ಲಿ ಎಪಾಕ್ಸಿ ಎಂಬ ಬಣ್ಣದಂಥ ಲೇಪ ಬಳಿದ ಕಂಬಿ ಹಾಕಿದ್ದರು. ಹತ್ತು ವರ್ಷ ತುಂಬುವ ಮೊದಲೇ ಕೆಲವು ಸೇತುವೆಗಳ ಕಂಬಗಳಲ್ಲಿ, ಅದೇ ನೀರು ಸಿಡಿಯುವ ಜಾಗದಲ್ಲಿ, ತುಕ್ಕು ಕಾಣಿಸಿತು. ಬಣ್ಣ ನಂಬಿ ಕಾಂಕ್ರೀಟಿನ ಕಡೆ ಉದಾಸೀನ ಮಾಡಬಾರದು ಎಂದು ನಾನು ಹೇಳುವುದು ಇದಕ್ಕೇ.

ಸಮುದ್ರದ ಉಬ್ಬರಕ್ಕೆ ಸಿಗುವ ಭಾಗಕ್ಕೆ ನಮ್ಮ ಸೇತುವೆ ಸಂಹಿತೆ ಕೇಳುವುದು ಕಂಬಿಯ ಹೊರಗೆ 75 ಮಿಲಿಮೀಟರ್ ದಪ್ಪದ ಕಾಂಕ್ರೀಟು ಕವರ್. ಡ್ರಾಯಿಂಗಿನಲ್ಲಿ ಅದು ಇದ್ದೇ ಇರುತ್ತದೆ. ಸೈಟಿನಲ್ಲಿ ಆ ಅಂತರ ಕಾಯಲು ಇಡುವ ಕವರ್ ಬ್ಲಾಕ್ ಜಾರಿ, ಕಂಬಿಯ ಗೂಡು ಸೆಂಟ್ರಿಂಗ್ ಹಲಗೆಯ ಕಡೆ ವಾಲಿ 50 ಆಗಿರುತ್ತದೆ. ಇಪ್ಪತ್ತೈದು ಮಿಲಿಮೀಟರ್ ತಾನೇ ಎನ್ನಬೇಡಿ. ಉಪ್ಪು ಕಂಬಿ ಮುಟ್ಟಲು ಬೇಕಾದ ಕಾಲ ಹೆಚ್ಚುಕಮ್ಮಿ ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಇರುತ್ತದೆ. 75ರ ಬದಲು 50 ಆದರೆ ಆ ಕಾಲ ಅರ್ಧಕ್ಕಿಂತಲೂ ಕಮ್ಮಿ. ಕಾಂಕ್ರೀಟು ಹಾಕುವ ಮುಂಚೆ ಟೇಪು ಹಿಡಿದು ಅಳೆಯುವ ಒಬ್ಬ ಇಂಜಿನಿಯರ್ ನೂರು ವರ್ಷದ ಸೇತುವೆಗೆ ಬಹಳ ಮುಖ್ಯ. ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟು, ಸಿಹಿನೀರಿನ ಕ್ಯೂರಿಂಗ್ ಇವೂ ಬೇಕೇ ಬೇಕು.

ಕುದ್ರುವಿಗೆ ಇರುವುದು ಹೆಚ್ಚಾಗಿ ಒಂದೇ ದಾರಿ. ಶಾಲೆ ಬಸ್ಸು, ಆಂಬುಲೆನ್ಸ್, ಕುಡಿಯುವ ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲವೂ ಅದೇ ಸೇತುವೆ ಮೇಲೆ. ಆದ್ದರಿಂದ ಹಳೆಯದು ಓಡಾಟವನ್ನು ತಾಳಿಕೊಳ್ಳುತ್ತಿರುವಾಗಲೇ ಪಕ್ಕದಲ್ಲಿ ಹೊಸದು ಏಳಬೇಕು. ಕೆಟ್ಟ ಮೇಲೆ ಶುರು ಮಾಡಿದರೆ ಮತ್ತೆ ದೋಣಿಯೇ ಗತಿ. ನೀರಿನಲ್ಲಿ ಕೆಲಸ ನಡೆಯುವುದು ಅಕ್ಟೋಬರಿನಿಂದ ಮೇವರೆಗೆ ಮಾತ್ರ. ಟೆಂಡರ್ ಫೆಬ್ರವರಿಯಲ್ಲಿ ಅಂತಿಮವಾದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಪೈಲ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬ) ಹಾಕಲು ಹೊಳೆಗೆ ತುಂಬಿದ ಮಣ್ಣನ್ನು ಮಳೆ ಹಿಡಿಯುವ ಮುಂಚೆ ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಮೇಲಿನ ಗದ್ದೆ, ತೋಟಗಳಿಗೆ ನೀರು ನುಗ್ಗುತ್ತದೆ.

ಇನ್ನು ಸೇತುವೆಯ ಎರಡೂ ಬದಿಯ ಮಣ್ಣಿನ ದಂಡೆ ರಸ್ತೆ. ಖರ್ಚು ಉಳಿಸಲು ಹೊಳೆಯ ಅಗಲಕ್ಕೆಲ್ಲ ಮಣ್ಣು ತುಂಬಿ, ನಡುವೆ ಸಣ್ಣ ಕಿಂಡಿ ಬಿಟ್ಟಿದ್ದರೆ ನೀರೆಲ್ಲ ಅಲ್ಲೇ ನುಗ್ಗುತ್ತದೆ, ಕಂಬದ ಬುಡ ಕೊರೆಯುತ್ತದೆ. ಬುಡ ಹೋದರೆ ಏನಾಗುತ್ತದೆ ಎಂಬುದನ್ನು 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಮಂಗಳೂರಿಗರು ನೋಡಿದ್ದಾರೆ. ಬದಲಿಸುವಾಗ ಹಳೆ ಅಳತೆಯನ್ನೇ ನಕಲು ಮಾಡದೆ ಇನ್ನೆರಡು ಮೂರು ಅಂಕಣ (ಕಂಬದಿಂದ ಕಂಬಕ್ಕಿರುವ ಭಾಗ) ಜಾಸ್ತಿ ಕೇಳಿ. ಅದರಿಂದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೂ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರಿಗೂ ಒಳ್ಳೆಯದು.

ಫ್ಲೋರಿಡಾದಲ್ಲಿ ಹಳೆ ಸೇತುವೆಗಳಲ್ಲಿ ಕೆಲವನ್ನು ಗಾಳ ಹಾಕಲು, ನಡೆದಾಡಲು ಬಿಟ್ಟಿದ್ದಾರೆ. ನಮ್ಮಲ್ಲಿ ಅದು ಬೇಡ. ನೆರೆಯಲ್ಲಿ ಮರದ ದಿಮ್ಮಿ, ತೆಂಗಿನ ಬುಡ ತೇಲಿ ಬಂದು ಹಳೆ ಕಂಬಗಳಿಗೆ ಸಿಕ್ಕಿಕೊಳ್ಳುತ್ತವೆ, ಹೊಸ ಕಂಬಗಳ ಬುಡದಲ್ಲಿ ಸುಳಿ ಏಳುತ್ತದೆ. ಹಳೆಯದನ್ನು ಹೊಳೆಯ ತಳದವರೆಗೆ ಕಡಿದು ಸಾಗಿಸುವ ಖರ್ಚನ್ನು ಹೊಸ ಸೇತುವೆಯ ಟೆಂಡರಿನಲ್ಲೇ ಸೇರಿಸಬೇಕು.