ಬಿಚ್ಚದ ಆಯಿಲ್ ಫಿಲ್ಟರ್, ಹೋರಿ ಕಟ್ಟುವ ಹಗ್ಗ

ಕಾರಿನ ಅಡಿ ಮಲಗಿ, ಎರಡೂ ಕೈಯಲ್ಲಿ ಆಯಿಲ್ ಫಿಲ್ಟರ್, ಅಂದರೆ ಎಂಜಿನ್ ಆಯಿಲ್ ಸೋಸುವ ಡಬ್ಬಿ, ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದೆ. ಬಟ್ಟೆ ಜಾರಿತು, ಡಬ್ಬಿ ಇದ್ದಲ್ಲೇ ಇತ್ತು. ಹಳೇ ಆಯಿಲ್ ಆಗಲೇ ಇಳಿಸಿಬಿಟ್ಟಿದ್ದೆ. ಹಾಗಾಗಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇರಲಿಲ್ಲ. ಮನೆಯಲ್ಲೇ ಆಯಿಲ್ ಬದಲಾಯಿಸುವವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ಇಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ.

ಆಗ ಮೊದಲು ಬರುವ ಯೋಚನೆ: ಡಬ್ಬಿ ಕೂರುವ ತಿರುಪು, ಅಂದರೆ ಥ್ರೆಡ್, ತುಕ್ಕು ಹಿಡಿದಿರಬೇಕು. ಆದರೆ ಆ ಥ್ರೆಡ್ ಇರುವುದೇ ಎಣ್ಣೆ ಹರಿಯುವ ಜಾಗದಲ್ಲಿ. ಅಲ್ಲಿ ತುಕ್ಕು ಹೇಗೆ ಹಿಡಿದೀತು? ನಿಜವಾಗಿ ಹಿಡಿದುಕೊಂಡಿರುವುದು ಡಬ್ಬಿಯ ಬಾಯಿಗೆ ಕೂರಿಸಿದ ರಬ್ಬರ್ ರಿಂಗ್.

ಎಂಜಿನ್ ಆಯಿಲನ್ನು ಸೋಸುವ ಫಿಲ್ಟರಿಗೆ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ 1923ರ ಹೊತ್ತಿಗೆ ಅಮೆರಿಕದಲ್ಲಿ ರೂಪ ಕೊಟ್ಟರು. ಇಡೀ ಡಬ್ಬಿಯನ್ನೇ ತಿರುಗಿಸಿ ಬಿಚ್ಚಿ ಎಸೆದು, ಹೊಸದನ್ನು ತಿರುಗಿಸಿ ಕೂರಿಸುವ ಪದ್ಧತಿ ಬಂದಿದ್ದು 1950ರ ದಶಕದಲ್ಲಿ. ಒಳಗೆ ಮಡಿಕೆ ಮಡಿಕೆಯಾದ ಕಾಗದ, ಹೊರಗೆ ತೆಳು ಉಕ್ಕಿನ ಹಾಳೆ, ನಡುವೆ ಥ್ರೆಡ್ ಇರುವ ತೂತು, ಅಂಚಿನಲ್ಲಿ ರಬ್ಬರ್ ರಿಂಗ್. ಇಷ್ಟೇ ಸರಳ.

ಈ ರಿಂಗ್ ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2.2 ಬಾರ್, ಅಂದರೆ ಅದಕ್ಕಿಂತಲೂ ಜಾಸ್ತಿ. ಅದನ್ನು ತಡೆಯಲು ರಿಂಗ್ ಒತ್ತಿಕೊಂಡು ಕೂರಬೇಕು. ಅದಕ್ಕೇ ಫಿಲ್ಟರ್ ಮೇಲೆ ಬರೆದಿರುತ್ತಾರೆ: ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಮಾಡಿ. ಥ್ರೆಡ್ಡಿನ ಒಂದು ಸುತ್ತಿಗೆ ಡಬ್ಬಿ ಒಂದೂವರೆ ಮಿಲಿಮೀಟರ್ ಮೇಲೇರುತ್ತದೆ ಅಂದುಕೊಳ್ಳಿ. ಮುಕ್ಕಾಲು ಸುತ್ತಿಗೆ ರಬ್ಬರ್ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಕುಗ್ಗುತ್ತದೆ. ಅಷ್ಟು ಸಾಕು. ಕುಗ್ಗಿದ ರಬ್ಬರ್ ಸ್ಪ್ರಿಂಗ್ ಥರ ವಾಪಸ್ ಒತ್ತುತ್ತದೆ, ಡಬ್ಬಿ ತಾನಾಗಿ ಸಡಿಲವಾಗುವುದಿಲ್ಲ.

ಆಮೇಲೆ ಸಾವಿರಾರು ಕಿಲೋಮೀಟರ್ ಓಡಾಟ. ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ, ರಾತ್ರಿ ಆರುತ್ತದೆ, ಮತ್ತೆ ಕಾಯುತ್ತದೆ. ಕೂರಿಸುವಾಗ ರಿಂಗಿಗೆ ಸವರಿದ ಎಣ್ಣೆಯ ಪದರ ನಿಧಾನಕ್ಕೆ ಹಿಂಡಿಹೋಗುತ್ತದೆ. ಎಂಜಿನ್ನಿನ ಲೋಹದ ಮುಖ ಕಣ್ಣಿಗೆ ನುಣುಪು. ಹತ್ತಿರದಿಂದ ನೋಡಿದರೆ ಅಲ್ಲಿ ಉಬ್ಬು ತಗ್ಗುಗಳೇ ತುಂಬಿವೆ. ಬಿಸಿಗೆ ಮೆತ್ತಗಾದ ರಬ್ಬರ್ ಆ ತಗ್ಗುಗಳಿಗೆಲ್ಲ ಇಳಿದು ಕೂರುತ್ತದೆ. ಬಹಳ ದಿನ ತೆಗೆಯದೆ ಬಿಟ್ಟ ಕುಕ್ಕರ್ ಗ್ಯಾಸ್ಕೆಟ್ ಮುಚ್ಚಳಕ್ಕೆ ಕಚ್ಚಿಕೊಂಡಿರುತ್ತದೆ, ಅಲ್ವಾ? ಅದೇ ಕಥೆ. ಇನ್ನು, ಥ್ರೆಡ್ಡಿನ ಅಗಲ ಸುಮಾರು 2 ಸೆಂಟಿಮೀಟರ್ ಆದರೆ ರಿಂಗಿನದು 6. ನಡುವಿನಿಂದ ಅಷ್ಟು ದೂರ ಇರುವ ಹಿಡಿತವನ್ನು ಬಿಡಿಸಲು ಮೂರು ಪಟ್ಟು ತಿರುಚು ಬಲ ಬೇಕು. ರಿಂಗಿಗೆ ಎಣ್ಣೆ ಸವರದೆ ಒಣಗಿದ್ದನ್ನೇ ಕೂರಿಸಿದ್ದರೆ, ಅಥವಾ ರೆಂಚ್ ಹಾಕಿ ಬಿಗಿ ಮಾಡಿದ್ದರೆ, ಮುಂದಿನ ಸಲ ಬಿಚ್ಚುವವರ ಗತಿ ಕಷ್ಟ.

ಕೈಯಲ್ಲಿ ಯಾಕೆ ಆಗುವುದಿಲ್ಲ ಅಂತ ಲೆಕ್ಕ ಹಾಕೋಣ. ಬಿಗಿ ಮಾಡುವಾಗ ಹಾಕುವ ತಿರುಚು ಬಲ 15 ನ್ಯೂಟನ್ ಮೀಟರ್ ಅಂತ ಇಟ್ಟುಕೊಳ್ಳಿ. ಡಬ್ಬಿಯ ಅಗಲ 7 ಸೆಂಟಿಮೀಟರ್. ಅಷ್ಟೇ ಬಲದಿಂದ ಬಿಚ್ಚಬೇಕಾದರೂ ಡಬ್ಬಿಯ ಮೈ ಮೇಲೆ ಸುಮಾರು 44 ಕೆಜಿ ತೂಕದಷ್ಟು ಹಿಡಿತ ಬೇಕು. ಎಣ್ಣೆ ಕೈಗೆ ಅದು ಎಲ್ಲಿಂದ ಬರಬೇಕು? ಅದೇ ಕೆಲಸ 25 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ ಮಾಡಿದರೆ 6 ಕೆಜಿ ಸಾಕು. ರಿಂಗ್ ಕಚ್ಚಿಕೊಂಡಿದ್ದರೆ ಎರಡೂ ಲೆಕ್ಕ ಇನ್ನೂ ಮೇಲೇರುತ್ತವೆ.

ಆದರೆ ಹಿಡಿಕೆ ಡಬ್ಬಿಯನ್ನು ಹಿಡಿಯಬೇಕಲ್ಲ! ಹಿಡಿಕೆಗೆ ಪಟ್ಟಿ ಜೋಡಿಸಿದ ಬೆಲ್ಟ್ ರೆಂಚ್ ಬರುವುದು ಇಲ್ಲಿಗೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವ ಭಾಗವೂ ಇದೇ.

ಎಳೆದಾಡುವ ಹೋರಿಯನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಚಿಕ್ಕ ಹುಡುಗನೂ ಹಿಡಿದು ನಿಲ್ಲುತ್ತಾನೆ. ಹೋರಿ ಎಳೆದಷ್ಟೂ ಹಗ್ಗ ಕಂಬವನ್ನು ಅಪ್ಪಿ ಹಿಡಿಯುತ್ತದೆ. ಹಿಡಿತ ಇಲ್ಲಿ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಅಂಕಿ (ಮೈ ಎಷ್ಟು ಜಾರದೆ ಹಿಡಿಯುತ್ತದೆ ಅನ್ನುವ ಲೆಕ್ಕ) 0.3 ಇದ್ದರೆ ಒಂದು ಸುತ್ತಿಗೆ 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 286 ಪಟ್ಟು. ಹೋರಿ 100 ಕೆಜಿ ಬಲದಲ್ಲಿ ಎಳೆದರೂ, ಎರಡು ಸುತ್ತಿನ ಆಚೆ ಹುಡುಗನ ಕೈಗೆ ಸಿಗುವುದು ಎರಡೂವರೆ ಕೆಜಿಗಿಂತ ಕಡಿಮೆ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನಲ್ಲಿ ಈ ಸೂತ್ರ ಇದೆ. ಅದರಲ್ಲಿ ಕಂಬದ ದಪ್ಪಕ್ಕೆ ಜಾಗವೇ ಇಲ್ಲ. ಎಷ್ಟು ಸುತ್ತು, ಮೈ ಎಷ್ಟು ಒರಟು, ಇವೆರಡೇ ಲೆಕ್ಕಕ್ಕೆ ಬರುವುದು.

ಬೆಲ್ಟ್ ರೆಂಚಿನಲ್ಲಿ ಡಬ್ಬಿಯೇ ಕಂಬ. ಪಟ್ಟಿ ಸುಮಾರು ಒಂದು ಸುತ್ತು ಬರುತ್ತದೆ. ಹಿಡಿಕೆ ಎಳೆದಷ್ಟೂ ಅದು ಬಿಗಿಯಾಗುತ್ತದೆ. ಈಗ ಡಬ್ಬಿಯ ಮೇಲೆ ಎಣ್ಣೆ ಇದೆ ಅಂದುಕೊಳ್ಳಿ. ಘರ್ಷಣೆಯ ಅಂಕಿ 0.3 ಇದ್ದದ್ದು 0.1ಕ್ಕೆ ಇಳಿಯಿತು. 6.6 ಪಟ್ಟು ಇದ್ದ ಹಿಡಿತ ಎರಡು ಪಟ್ಟೂ ಇಲ್ಲ! ನನ್ನ ಬಟ್ಟೆ ಜಾರಿದ್ದೂ ಇದಕ್ಕೇ. ಸೋಪಿನ ನೀರಿನಲ್ಲಿ ಡಬ್ಬಿಯನ್ನು ಉಜ್ಜಿ ಒರೆಸಿ, ಸುತ್ತಲೂ ಒಂದು ಪಟ್ಟಿ ಸ್ಯಾಂಡ್‌ಪೇಪರ್ ಒರಟು ಮುಖ ಒಳಗಾಗುವಂತೆ ಇಟ್ಟು, ಮೇಲೆ ಬೆಲ್ಟ್ ಹಾಕಿದೆ. ಎಂಜಿನ್ನಿಗೆ ಹತ್ತಿರ, ಡಬ್ಬಿಯ ಬುಡದಲ್ಲಿ ಹಾಕಬೇಕು. ತುದಿಯಲ್ಲಿ ಹಾಕಿದರೆ ತೆಳು ಹಾಳೆ ನಜ್ಜುಗುಜ್ಜಾಗುತ್ತದೆ. ಇನ್ನೊಂದು ಮುಖ್ಯ ಮಾತು: ಡಬ್ಬಿಯ ಮುಚ್ಚಿದ ತುದಿಯನ್ನು ಎದುರಿಗೆ ನೋಡುತ್ತಾ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಬಾನೆಟ್ ಕಡೆಯಿಂದ ಬಗ್ಗಿ ನೋಡಿದರೆ ದಿಕ್ಕು ತಿರುವುಮುರುವಾಗಿ ಕಾಣಬಹುದು. ಇಲ್ಲೇ ಎಷ್ಟೋ ಜನ ಇನ್ನಷ್ಟು ಬಿಗಿ ಮಾಡಿಬಿಡುತ್ತಾರೆ.

ಸ್ಕ್ರೂ ಡ್ರೈವರ್ ಚುಚ್ಚಿ ತಿರುಗಿಸುವ ಉಪಾಯ ಎಲ್ಲರಿಗೂ ಗೊತ್ತು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಾಳೆಯ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ರಿಂಗ್ ಬಿಡದಿದ್ದರೆ ಹಾಳೆ ಕಾಗದದ ಹಾಗೆ ಹರಿದು ಬರುತ್ತದೆ, ತಳದ ತಟ್ಟೆ ಮಾತ್ರ ಎಂಜಿನ್ನಿಗೆ ಅಂಟಿ ಉಳಿಯುತ್ತದೆ. ಆಮೇಲೆ ಉಳಿ, ಸುತ್ತಿಗೆ ಹಿಡಿದು ಆ ತಟ್ಟೆಯ ಅಂಚನ್ನು ಸುತ್ತಲೂ ಬಡಿದು ತಿರುಗಿಸಬೇಕಾಗುತ್ತದೆ.

ಎಂಜಿನ್ ಉಗುರುಬೆಚ್ಚಗಿದ್ದರೆ ಒಳ್ಳೆಯದು. ಕುದಿ ಬಿಸಿ ಬೇಡ, ಕೈ ಸುಡುತ್ತದೆ. ಬರೀ ಜಾಕ್ ನಂಬಿ ಕಾರಿನ ಅಡಿ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಗ್ಲೌಸ್ ಹಾಕಿಕೊಳ್ಳಿ, ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ನನ್ನ ಫಿಲ್ಟರ್ ಟಕ್ ಅಂತ ಬಿಟ್ಟಿತು. ಆಮೇಲೆ ಕೈಯಲ್ಲೇ ಸುಲಭವಾಗಿ ತಿರುಗಿತು. ಡಬ್ಬಿ ಕೆಳಗೆ ಬಂದಾಗ ಅದರ ಬಾಯಿ ನೋಡಿದೆ. ರಿಂಗ್ ಇರಲಿಲ್ಲ! ಎಂಜಿನ್ನಿನ ಮುಖಕ್ಕೇ ಅಂಟಿಕೊಂಡಿತ್ತು. ಟಾರ್ಚ್ ಹಿಡಿದರೂ ಕಪ್ಪು ಎಣ್ಣೆಯ ನಡುವೆ ಕಾಣುವುದು ಕಷ್ಟ, ಬೆರಳಿಗೆ ಮಾತ್ರ ಸಿಗುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಬರುತ್ತವೆ. ಆಯಿಲಿನ ಒತ್ತಡಕ್ಕೆ ಒಂದು ರಿಂಗ್ ಪಕ್ಕಕ್ಕೆ ಜಾರಿದರೆ ಆಯಿಲ್ ಪೂರ್ತಿ ರಸ್ತೆಗೆ ಹೋಗಿ, ಎಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದು ನಿಲ್ಲಬಹುದು.

ಉಗುರಿನಿಂದ ಎಬ್ಬಿಸಿ ರಿಂಗ್ ತೆಗೆದೆ. ಒಂದು ಕಡೆ ಕನ್ನಡಿಯಷ್ಟು ಚಪ್ಪಟೆ. ಲೋಹದ ಗೀರುಗಳೆಲ್ಲ ಅದರ ಮೇಲೆ ಅಚ್ಚಾಗಿದ್ದವು. ಹೊಸ ರಿಂಗಿಗೆ ಹೊಸ ಆಯಿಲನ್ನು ಬೆರಳಲ್ಲಿ ಸವರಿದೆ. ರಿಂಗ್ ತಾಗುವವರೆಗೆ ತಿರುಗಿಸಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ, ಬರಿಗೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿ ಬಿಟ್ಟೆ.