ಕೈಯಿಂದ ಸುತ್ತಿದ ಸಿಗಾರ್: ರುಚಿಯನ್ನು ಅದರ ಕಾರಣಗಳಿಂದ ಅರಿಯುವುದು

ಸಿಗಾರಿನ ರುಚಿಯ ಅಭ್ಯಾಸಕ್ಕೆ ತೊಡಗಿದವರ ಕೈಗೆ ಮೊದಲು ಸಿಗುವುದು ರುಚಿಗಳ ಪಟ್ಟಿ: ಕೋಕೋ, ಕಾಫಿ, ಚರ್ಮ, ಕಾಳುಮೆಣಸು, ಒದ್ದೆ ಮಣ್ಣು, ಹುರಿದ ಬಾದಾಮಿ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಪಟ್ಟಿಯಲ್ಲಿದ್ದುದೇ ಹೊಗೆಯಲ್ಲೂ ಸಿಗುತ್ತದೆ, ಅದು ಏಕೆ ಬಂತೆಂಬುದು ಮಾತ್ರ ತಿಳಿಯುವುದಿಲ್ಲ. ಈ ಟಿಪ್ಪಣಿಯಲ್ಲಿ ನಾನು ಬೇರೆ ದಾರಿ ಹಿಡಿದಿದ್ದೇನೆ: ಎಲೆ ಗಿಡದ ಯಾವ ಎತ್ತರದಲ್ಲಿತ್ತು, ಹೇಗೆ ಹದಗೊಂಡಿತು, ಸುತ್ತಿದ ಕೈ ಆ ಎಲೆಗಳ ನಡುವೆ ಗಾಳಿಗೆ ಎಷ್ಟು ದಾರಿ ಬಿಟ್ಟಿತು ಎಂಬ ಪ್ರಶ್ನೆಗಳಿಂದ ರುಚಿಯ ಕಡೆಗೆ ಬರುವುದು. ಇವುಗಳಲ್ಲಿ ಕೊನೆಯದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕಲಿಯಬೇಕಾದದ್ದು ಅದನ್ನೇ.

ಉತ್ತಮ ದರ್ಜೆಯ ಸಿಗಾರಿನಲ್ಲಿ ಮೂರು ಭಾಗಗಳಿರುತ್ತವೆ. ಎಲ್ಲಕ್ಕಿಂತ ಹೊರಗೆ ಕಾಣುವ ನಯವಾದ ಹೊದಿಕೆಯ ಎಲೆ ರ‍್ಯಾಪರ್; ಅದರ ಕೆಳಗೆ ಒಳಗಿನದನ್ನೆಲ್ಲ ಬಿಗಿಹಿಡಿಯುವ ಎಲೆ ಬೈಂಡರ್; ಒಳಗೆ ಉದ್ದಕ್ಕೂ ಹಾಸಿದ ಎಲೆಗಳ ಕಂತೆ ಫಿಲ್ಲರ್. ಕೈಯಿಂದ ಸುತ್ತಿದ ಒಳ್ಳೆಯ ಸಿಗಾರಿನಲ್ಲಿ ಫಿಲ್ಲರ್ ಎಲೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಖಂಡವಾಗಿರುತ್ತವೆ, ನಡುನರವನ್ನು ಮಾತ್ರ ಬಿಡಿಸಿ ತೆಗೆದಿರುತ್ತಾರೆ. ಯಂತ್ರದಲ್ಲಿ ತಯಾರಾಗುವ ಅಗ್ಗದ ಸಿಗಾರುಗಳಲ್ಲಿ ಸಾಮಾನ್ಯವಾಗಿ ಚೂರು ಮಾಡಿದ ಎಲೆ ಇರುತ್ತದೆ. ಚೂರುಗಳು ಬೇಗ ಉರಿಯುತ್ತವೆ, ಹೊಗೆ ಬಿಸಿಯಾಗುತ್ತದೆ, ಬೂದಿ ಉದುರುತ್ತದೆ.

ಎಲೆ ಗಿಡದಲ್ಲಿದ್ದ ಎತ್ತರ

ಒಂದೇ ತಂಬಾಕು ಗಿಡದ ಎಲೆಗಳು ಒಂದೇ ಬಗೆಯವಲ್ಲ. ಬುಡದ ಕಡೆಯ ಎಲೆಗಳನ್ನು ಕ್ಯೂಬಾದ ಬೆಳೆಗಾರರು ವೊಲಾಡೊ ಎನ್ನುತ್ತಾರೆ. ಅವು ತೆಳುವಾಗಿರುತ್ತವೆ, ರುಚಿಯಲ್ಲಿ ಸೌಮ್ಯವಾಗಿರುತ್ತವೆ, ಚೆನ್ನಾಗಿ ಉರಿಯುತ್ತವೆ. ನಡುವಿನ ಎಲೆಗಳು ಸೆಕೊ. ಘಮದ ಬಹುಪಾಲು ಅವುಗಳಿಂದಲೇ ಬರುತ್ತದೆ. ಮೇಲಿನವು ಲಿಹೇರೊ. ಹೆಚ್ಚು ಬಿಸಿಲುಂಡು, ಗಿಡದಲ್ಲಿ ಹೆಚ್ಚು ಕಾಲ ಉಳಿದು ದಪ್ಪಗಾದ ಈ ಎಲೆಗಳಲ್ಲಿ ಎಣ್ಣೆಯಂಶವೂ ನಿಕೋಟಿನ್ನೂ ಹೆಚ್ಚು, ಉರಿಯುವುದು ಮಾತ್ರ ನಿಧಾನ. ಹೂ ಬಿಡುವ ಹೊತ್ತಿಗೆ ಕುಡಿ ಚಿವುಟುವುದರಿಂದ ಗಿಡದ ಶಕ್ತಿ ಬೀಜಕ್ಕೆ ಹೋಗದೆ ಎಲೆಗೆ ಇಳಿಯುತ್ತದೆ. ಕೊಯ್ಲು ಬುಡದಿಂದ ಆರಂಭವಾಗಿ, ಕೆಲವೇ ಎಲೆಗಳನ್ನು ಒಮ್ಮೆಗೆ ಬಿಡಿಸುತ್ತ, ನಡುವೆ ದಿನಗಳ ಬಿಡುವು ಕೊಡುತ್ತ ಮೇಲೇರುತ್ತದೆ.

ಈ ಮೂರು ಎಲೆಗಳ ಪ್ರಮಾಣವನ್ನು ಗೊತ್ತುಮಾಡುವುದೇ ಮಿಶ್ರಣ ರೂಪಿಸುವವರ ಕೆಲಸ. ಲಿಹೇರೊ ಹೆಚ್ಚಾದರೆ ಸಿಗಾರ್ ಗಡುಸಾಗುತ್ತದೆ, ಸರಿಯಾಗಿ ಉರಿಯದೆ ಆರಿಹೋಗಲೂಬಹುದು. ಕಡಿಮೆಯಾದರೆ ಚೆನ್ನಾಗಿ ಉರಿದರೂ ನೆನಪಿನಲ್ಲಿ ಉಳಿಯುವಂಥದ್ದೇನನ್ನೂ ಕೊಡುವುದಿಲ್ಲ. ನಿಧಾನವಾಗಿ ಉರಿಯುವ ಎಲೆಯನ್ನು ಕಂತೆಯ ಒಂದು ಬದಿಗೆ ಇಟ್ಟರೆ ಆ ಬದಿ ಹಿಂದೆ ಬೀಳುತ್ತದೆ, ಉರಿಯುವ ಅಂಚು ಓರೆಯಾಗುತ್ತದೆ. ಆದ್ದರಿಂದ ಸುತ್ತುವವರು ಲಿಹೇರೊವನ್ನು ಯಾವಾಗಲೂ ನಟ್ಟನಡುವೆ ಇಡುತ್ತಾರೆ.

ನೆಲದ ಗುಣದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಅತಿಶಯೋಕ್ತಿ ಹೆಚ್ಚು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಪ್ರದೇಶ ಬಹುಕಾಲದಿಂದ ಹೆಸರಾದದ್ದು. 1960ರಲ್ಲಿ ಅಲ್ಲಿನ ತಂಬಾಕು ಉದ್ಯಮ ರಾಷ್ಟ್ರೀಕರಣಗೊಂಡಿತು, 1962ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿತು. ದೇಶ ಬಿಟ್ಟ ಅನೇಕ ಬೆಳೆಗಾರರು ಮತ್ತು ಕುಶಲಕರ್ಮಿಗಳು ತಮ್ಮ ವಿದ್ಯೆಯನ್ನು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾಗಳಿಗೆ ಒಯ್ದರು. ಇಂದು ನಿಕರಾಗುವಾದ ಎಸ್ತೆಲಿಯ ಜ್ವಾಲಾಮುಖಿ ಮಣ್ಣಿನ ಎಲೆ ಖಾರಕ್ಕೂ ಗಡಸುತನಕ್ಕೂ, ಡೊಮಿನಿಕನ್ ಗಣರಾಜ್ಯದ ಸಿಬಾವೊ ಕಣಿವೆಯ ಎಲೆ ಮೃದುತ್ವಕ್ಕೂ ಹೆಸರಾಗಿವೆ. ಹೊದಿಕೆಯ ಎಲೆಯ ಮಾತು ಬೇರೆ. ಅದು ತೆಳುವಾಗಿ, ಹಿಗ್ಗುವಂತಿದ್ದು, ಕಲೆಯಿಲ್ಲದೆ ಇರಬೇಕಾದ್ದರಿಂದ ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಅದನ್ನು ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಯುತ್ತಾರೆ. ಎಕ್ವಡಾರ್‌ನಲ್ಲಿ ಸದಾ ಕವಿದಿರುವ ಮೋಡವೇ ಆ ಚಪ್ಪರದ ಕೆಲಸ ಮಾಡುತ್ತದೆ.

ಹದ ಮತ್ತು ಹುದುಗು

ಕೊಯ್ದ ಎಲೆಗಳನ್ನು ಕೋಲುಗಳಿಗೆ ಪೋಣಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಸುಮಾರು 45ರಿಂದ 60 ದಿನಗಳವರೆಗೆ ತೂಗುಹಾಕುತ್ತಾರೆ. ಹಸಿರು ಹಳದಿಯಾಗಿ, ಹಳದಿ ಕಂದಾಗುವ ಈ ಅವಧಿಯಲ್ಲಿ ಎಲೆ ಸತ್ತಿರುವುದಿಲ್ಲ. ಅದು ಉಸಿರಾಡುತ್ತಲೇ ತನ್ನಲ್ಲಿದ್ದ ಪಿಷ್ಟವನ್ನು ಸಕ್ಕರೆಯಾಗಿಸಿ, ಆ ಸಕ್ಕರೆಯ ಬಹುಭಾಗವನ್ನು ಖರ್ಚು ಮಾಡಿಕೊಳ್ಳುತ್ತದೆ. ಬಿಸಿಗಾಳಿಯಲ್ಲಿ ಬೇಗ ಒಣಗಿಸುವ ಸಿಗರೇಟು ತಂಬಾಕಿನಲ್ಲಿ ಸಕ್ಕರೆ ಹಾಗೆಯೇ ಉಳಿಯುವುದರಿಂದ ಅದರ ಹೊಗೆ ಆಮ್ಲೀಯವಾಗಿರುತ್ತದೆ. ಸಿಗಾರಿನ ಹೊಗೆ ಕ್ಷಾರೀಯವಾದದ್ದು. ಕ್ಷಾರೀಯ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಿಯಲ್ಲೇ ಇಟ್ಟು ಬಿಡುವ ಪದ್ಧತಿಯ ಹಿಂದೆ ಈ ರಸಾಯನವಿದೆ.

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎದೆಗೆ ಎಳೆದುಕೊಳ್ಳದ ಕಾರಣಕ್ಕೆ ಸಿಗಾರ್ ನಿರಪಾಯವಾಗುವುದಿಲ್ಲ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಈ ಅಭ್ಯಾಸ ವಯಸ್ಕರಿಗೆ ಮಾತ್ರ ಸಂಬಂಧಿಸಿದ್ದು. ಅದರಲ್ಲಿಯೂ ಎಲೆ, ಸುತ್ತಿದ ರೀತಿ, ಹಚ್ಚದ ಸಿಗಾರಿನ ವಾಸನೆ ಇವುಗಳ ಅಭ್ಯಾಸಕ್ಕೆ ಬೆಂಕಿಯ ಅಗತ್ಯವೇ ಇಲ್ಲ.

ಒಣಗಿದ ಎಲೆಗಳಿಗೆ ಮತ್ತೆ ತೇವ ಕೊಟ್ಟು, ಆಳೆತ್ತರದ ರಾಶಿಗಳಾಗಿ ಒಟ್ಟಿ ಹುದುಗಲು ಬಿಡುತ್ತಾರೆ. ಈ ರಾಶಿಗೆ ಪಿಲೋನ್ ಎಂದು ಹೆಸರು. ಒತ್ತಡ, ತೇವ, ಸೂಕ್ಷ್ಮಜೀವಿಗಳು ಮತ್ತು ಎಲೆಯದೇ ಕಿಣ್ವಗಳು ಸೇರಿ ರಾಶಿಯ ನಡುವೆ ಶಾಖ ಹುಟ್ಟಿಸುತ್ತವೆ. ಅದು ನಿಗದಿತ ಮಟ್ಟಕ್ಕೆ, ಬಹಳಷ್ಟು ಕಡೆ 40ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ, ತಲುಪಿದಾಗ ರಾಶಿಯನ್ನು ಕಿತ್ತು, ಒಳಗಿದ್ದ ಎಲೆಗಳನ್ನು ಹೊರಗೂ ಹೊರಗಿದ್ದವನ್ನು ಒಳಗೂ ಹಾಕಿ ಮತ್ತೆ ಕಟ್ಟುತ್ತಾರೆ. ಹುದುಗುತ್ತಿರುವ ರಾಶಿಯಿಂದ ಅಮೋನಿಯಾ ಹೊರಬೀಳುತ್ತದೆ. ಅವಸರದಲ್ಲಿ ಹುದುಗಿಸಿದ ಎಲೆಯ ಸಿಗಾರಿನಲ್ಲಿ ಮೂಗಿಗೆ ಚುಚ್ಚುವ ಘಾಟು ಮತ್ತು ನಾಲಿಗೆಯ ಮೇಲೆ ಕಮಟು ಉಳಿಯುವುದಕ್ಕೆ ಕಾರಣ ಹೊರಬೀಳದೆ ಉಳಿದ ಈ ಅಮೋನಿಯಾವೇ. ಅನೇಕರು ಅದನ್ನು ಗಡಸುತನವೆಂದು ತಿಳಿಯುತ್ತಾರೆ. ಅದು ಗಡಸುತನವಲ್ಲ, ಹದ ಸಾಲದಿರುವುದು. ಮಡುರೊ ಎಂಬ ಕಡುಕಂದು ಹೊದಿಕೆಗೆ ದಪ್ಪ ಎಲೆಯನ್ನು ಆರಿಸಿ, ಹೆಚ್ಚು ಕಾಲ, ಹೆಚ್ಚು ಶಾಖದಲ್ಲಿ ಹುದುಗಿಸುತ್ತಾರೆ. ಅದರ ಬಣ್ಣ ನೋಡಿ ಬಲವಾದ ಸಿಗಾರ್ ಎಂದುಕೊಳ್ಳುವುದು ಸಾಮಾನ್ಯ, ಆದರೆ ಮಡುರೊ ಹೊದಿಕೆ ಹಲವು ಸಲ ಸಿಹಿಯ ಕಡೆಗೇ ವಾಲುತ್ತದೆ.

ಸುತ್ತುವ ಕೈ

ಸುತ್ತುವವರನ್ನು ಸ್ಪ್ಯಾನಿಷ್‌ನಲ್ಲಿ ತೊರ್ಸೆದೋರ್ ಎನ್ನುತ್ತಾರೆ. ಅವರ ಸಲಕರಣೆಗಳು ಅಚ್ಚರಿಯಾಗುವಷ್ಟು ಕಡಿಮೆ: ಒಂದು ಹಲಗೆ, ಚವೇತಾ ಎಂಬ ಅರ್ಧಚಂದ್ರಾಕಾರದ ಹಿಡಿಯಿಲ್ಲದ ಅಲಗು, ಸಸ್ಯಮೂಲದ ಅಂಟು, ಅಚ್ಚು, ಉದ್ದ ಸರಿಮಾಡಲು ಒಂದು ಸಣ್ಣ ಕತ್ತರಿಯಂತ್ರ. ಹವಾನಾದ ಕಾರ್ಖಾನೆಗಳಲ್ಲಿ 1865ರಿಂದ, ಕೆಲಸ ಮಾಡುತ್ತಿರುವವರಿಗೆ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಗಟ್ಟಿಯಾಗಿ ಓದಿ ಹೇಳುವ ಓದುಗನೊಬ್ಬನಿರುವ ಪದ್ಧತಿ ಬೆಳೆದುಬಂದಿದೆ. ಕಣ್ಣಿಗೂ ಕೈಗೂ ಬಿಡುವಿಲ್ಲದ, ಕಿವಿಗೆ ಮಾತ್ರ ಬಿಡುವಿರುವ ಕೆಲಸವಿದು.

ಫಿಲ್ಲರ್ ಎಲೆಗಳನ್ನು ಕಂತೆ ಮಾಡುವ ವಿಧಾನದಲ್ಲೇ ಒಳ್ಳೆಯ ಸಿಗಾರಿನ ಗುಟ್ಟಿದೆ. ಎಲೆಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿ ಮಡಚುವುದು ಬೇಗನೆ ಮುಗಿಯುವ ವಿಧಾನ. ಅದರಲ್ಲಿ ಎಲೆಗಳು ಒಂದು ಬದಿಗೆ ಒತ್ತಾಗುವ ಸಂಭವ ಹೆಚ್ಚು. ಎಂತುಬಾದೊ ಎಂಬ ಹಳೆಯ ವಿಧಾನದಲ್ಲಿ ಪ್ರತಿಯೊಂದು ಎಲೆಯನ್ನೂ ತನ್ನಷ್ಟಕ್ಕೆ ಸಣ್ಣ ಕೊಳವೆಯಂತೆ ಸುರುಳಿ ಮಾಡಿ, ಆ ಸುರುಳಿಗಳನ್ನು ಒಟ್ಟುಗೂಡಿಸುತ್ತಾರೆ. ನಿಧಾನದ ಕೆಲಸವಿದು, ಕಲಿಯಲು ಕಷ್ಟ. ಆದರೆ ಪ್ರತಿ ಸುರುಳಿಯೂ ಸಿಗಾರಿನ ಉದ್ದಕ್ಕೂ ಗಾಳಿಗೆ ತನ್ನದೇ ದಾರಿ ಬಿಡುವುದರಿಂದ ಎಳೆತ, ಅಂದರೆ ಸೇದುವಾಗ ಸಿಗಾರಿನೊಳಗೆ ಗಾಳಿ ಹರಿಯುವುದು, ಸರಾಗವಾಗಿರುತ್ತದೆ ಮತ್ತು ಎಲ್ಲ ಬಗೆಯ ಎಲೆಗಳೂ ಒಟ್ಟಿಗೆ ಉರಿಯುತ್ತವೆ. ಕಂತೆಗೆ ಬೈಂಡರ್ ಸುತ್ತಿ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಒಂದೇ ಕಡೆ ಗೆರೆ ಮೂಡದಂತೆ ನಡುವೆ ಅದನ್ನು ತಿರುಗಿಸುತ್ತಾರೆ. ಈ ಹಂತದಲ್ಲಿ ಅನೇಕ ಕಾರ್ಖಾನೆಗಳು ಗಾಳಿ ಎಳೆಯುವ ಯಂತ್ರದಿಂದ ಎಳೆತವನ್ನು ಪರೀಕ್ಷಿಸುತ್ತವೆ. ಆಮೇಲೆ ಹೊದಿಕೆ. ಎಲೆಯ ಅರ್ಧವನ್ನು ಮೆಲ್ಲಗೆ ಹಿಗ್ಗಿಸಿ, ನರಗಳು ಒಳಮುಖವಾಗಿರುವಂತೆ ಹಚ್ಚುವ ತುದಿಯಿಂದ ಬಾಯಿಗಿಡುವ ತುದಿಯವರೆಗೆ ಓರೆಯಾಗಿ ಸುತ್ತಿ, ಸಣ್ಣ ಎಲೆಚೂರಿನ ಟೊಪ್ಪಿಗೆಯಿಂದ ಮುಚ್ಚುತ್ತಾರೆ.

ಎಳೆತಕ್ಕೆ ಇಷ್ಟು ಮಹತ್ವ ಏಕೆ? ಸಿಗಾರಿನ ಕೆಂಡ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಗಾಳಿ ನಿರ್ಧರಿಸುತ್ತದೆ, ಎಲೆಯಲ್ಲಿರುವ ಯಾವ ವಸ್ತು ಆವಿಯಾಗುತ್ತದೆ, ಯಾವುದು ಸೀಯುತ್ತದೆ ಎಂಬುದನ್ನು ಆ ಬಿಸಿ ನಿರ್ಧರಿಸುತ್ತದೆ. ಸಡಿಲವಾಗಿ ಸುತ್ತಿದ ಸಿಗಾರಿನಲ್ಲಿ ಗಾಳಿ ಹೆಚ್ಚಾಗಿ ಕೆಂಡ ಉಗ್ರವಾಗುತ್ತದೆ, ಸೂಕ್ಷ್ಮವಾದ ಘಮಗಳು ಸುಟ್ಟುಹೋಗಿ ಖಾರ ಮಾತ್ರ ಉಳಿಯುತ್ತದೆ. ಬಿಗಿಯಾದದ್ದರಲ್ಲಿ ಹೊಗೆ ಸಾಲದು. ಸೇದುವವರು ಮತ್ತೆ ಮತ್ತೆ ಜೋರಾಗಿ ಎಳೆಯುತ್ತಾರೆ, ಅದರಿಂದಲೂ ಕಹಿಯೇ ಬರುತ್ತದೆ. ಎರಡೂ ಸಂದರ್ಭಗಳಲ್ಲಿ ಎಲೆ ಅತ್ಯುತ್ತಮವಾದದ್ದೇ ಆಗಿರಬಹುದು. ಎಲೆಯ ದೋಷವೆಂದು ನಾವು ಬರೆದುಕೊಳ್ಳುವ ಕಹಿಯಲ್ಲಿ ದೊಡ್ಡ ಪಾಲು ಸುತ್ತಿದ ರೀತಿಯದು, ತೇವದ್ದು ಅಥವಾ ಸೇದುವವರ ಅವಸರದ್ದು ಎಂಬುದು ನನ್ನ ದೃಢವಾದ ನಂಬಿಕೆ.

ಗಾತ್ರವೂ ಇದೇ ಲೆಕ್ಕಕ್ಕೆ ಸೇರಿದ್ದು. ಸಿಗಾರಿನ ದಪ್ಪವನ್ನು ಅಂಗುಲದ 64ನೇ ಭಾಗಗಳಲ್ಲಿ ಅಳೆಯುತ್ತಾರೆ, ಅಂಥ ಒಂದು ಭಾಗಕ್ಕೆ ರಿಂಗ್ ಎನ್ನುತ್ತಾರೆ. 50 ರಿಂಗ್‌ನ ರೊಬುಸ್ಟೊ ಎಂಬ ಗಾತ್ರದ ಸಿಗಾರ್ ಸುಮಾರು 20 ಮಿಲಿಮೀಟರ್ ದಪ್ಪ, 38 ರಿಂಗ್‌ನ ಲಾನ್ಸೆರೊ ಎಂಬ ತೆಳು ಗಾತ್ರದ್ದು ಸುಮಾರು 15 ಮಿಲಿಮೀಟರ್. ದಪ್ಪ ಕಡಿಮೆಯಾದಂತೆ ಸುತ್ತಳತೆಗಿಂತ ಒಳಗಿನ ಜಾಗ ಬೇಗ ಕುಗ್ಗುವುದರಿಂದ, ಫಿಲ್ಲರಿಗೆ ಹೋಲಿಸಿದರೆ ಲಾನ್ಸೆರೊದಲ್ಲಿ ಹೊದಿಕೆಯ ಪಾಲು ರೊಬುಸ್ಟೊಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಹೊದಿಕೆಯ ಎಲೆಯ ರುಚಿಯನ್ನು ಗುರುತಿಸಲು ಕಲಿಯುವವರು ಒಂದೇ ಮಿಶ್ರಣದ ತೆಳು ಮತ್ತು ದಪ್ಪ ಸಿಗಾರುಗಳನ್ನು ಬೇರೆ ಬೇರೆ ದಿನಗಳಲ್ಲಿ ಹೋಲಿಸಿ ನೋಡುವುದು ಒಳ್ಳೆಯದು.

ಹಚ್ಚುವ ಮುನ್ನ, ಹಚ್ಚಿದ ಮೇಲೆ

ಸಿಗಾರ್ ತೇವವನ್ನು ಹೀರಿಕೊಳ್ಳುತ್ತದೆ, ಬಿಟ್ಟುಕೊಡುತ್ತದೆ. ಅದನ್ನು ಹ್ಯೂಮಿಡಾರ್ ಎಂಬ ಪೆಟ್ಟಿಗೆಯಲ್ಲಿ ಶೇ. 65ರಿಂದ 70ರ ಆರ್ದ್ರತೆಯಲ್ಲಿ, 18ರಿಂದ 21 ಡಿಗ್ರಿಯಲ್ಲಿ ಇಡುತ್ತಾರೆ. ಪೆಟ್ಟಿಗೆಗೆ ಬಳಸುವ ಸ್ಪ್ಯಾನಿಷ್ ಸೀಡರ್ ವಾಸ್ತವವಾಗಿ ದೇವದಾರುವಲ್ಲ, ಬೇವಿನ ಕುಟುಂಬಕ್ಕೆ ಸೇರಿದ ಮರ. ಸೆಕೆ ಹೆಚ್ಚಾದರೆ ಎಲೆಯೊಳಗಿನ ತಂಬಾಕು ಹುಳುವಿನ ಮೊಟ್ಟೆಗಳು ಒಡೆದು, ಮರಿಗಳು ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಕೊರೆಯುತ್ತವೆ.

ಕೈಗೆತ್ತಿಕೊಂಡ ಸಿಗಾರನ್ನು ಉದ್ದಕ್ಕೂ ಬೆರಳುಗಳ ನಡುವೆ ಮೃದುವಾಗಿ ಒತ್ತಿ ನೋಡಬೇಕು. ಎಲ್ಲ ಕಡೆ ಒಂದೇ ಬಗೆಯಾಗಿ ಬಗ್ಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬಂದರೆ ಸುತ್ತಿದ್ದು ಸರಿಯಾಗಿದೆ. ಗಟ್ಟಿ ಗಂಟು ಸಿಕ್ಕಿದ ಕಡೆ ಎಳೆತ ಕಟ್ಟಬಹುದು, ಮೆತ್ತಗೆ ಕುಸಿದ ಕಡೆ ಉರಿ ಸುರಂಗದಂತೆ ಒಳಗೊಳಗೇ ಸಾಗಬಹುದು. ಟೊಪ್ಪಿಗೆಯ ತುದಿಯನ್ನಷ್ಟೇ ಕತ್ತರಿಸಿ, ಹಚ್ಚದೆಯೇ ಒಮ್ಮೆ ಎಳೆದರೆ ಎಳೆತದ ಅಂದಾಜೂ ಎಲೆಯ ತಣ್ಣನೆಯ ರುಚಿಯೂ ಸಿಗುತ್ತವೆ. ಜ್ವಾಲೆಯನ್ನು ಎಲೆಗೆ ತಾಗಿಸದೆ, ತುದಿಯನ್ನು ತಿರುಗಿಸುತ್ತ ಸುತ್ತಲೂ ಸಮನಾಗಿ ಕಾಯಿಸಿ ಹಚ್ಚುವುದು ಸರಿಯಾದ ಕ್ರಮ.

ನಿಮಿಷಕ್ಕೆ ಒಂದು ಎಳೆತ ಸಾಕು. ನಾಲಿಗೆಗೆ ಸಿಗುವುದು ಸಿಹಿ, ಉಪ್ಪು, ಹುಳಿ, ಕಹಿಯಂಥ ಕೆಲವೇ ರುಚಿಗಳು. ಉಳಿದುದೆಲ್ಲ ಮೂಗಿನ ಕೆಲಸ. ಅದಕ್ಕಾಗಿ ಅನುಭವಿಗಳು ಬಾಯಲ್ಲಿರುವ ಹೊಗೆಯ ಸ್ವಲ್ಪ ಭಾಗವನ್ನು, ಎದೆಗಿಳಿಸದೆ, ಮೂಗಿನ ಮೂಲಕ ಹೊರಬಿಡುತ್ತಾರೆ. ಟಿಪ್ಪಣಿ ಬರೆಯುವಾಗ ಮೂರನ್ನು ಬೇರೆ ಬೇರೆಯಾಗಿ ಇಡುವುದು ಅಗತ್ಯ: ನಿಕೋಟಿನ್ನಿನಿಂದ ಮೈಗೆ ಆಗುವ ಪರಿಣಾಮ ಬಲ, ಹೊಗೆ ಬಾಯಲ್ಲಿ ಎಷ್ಟು ದಟ್ಟವಾಗಿದೆ ಎಂಬುದು ಮೈಕಟ್ಟು, ಘಮ ಮತ್ತು ರುಚಿ ಇವೆರಡರಿಂದಲೂ ಬೇರೆ. ಬಲ ಕಡಿಮೆಯಿದ್ದೂ ರುಚಿ ತುಂಬಿರುವ ಸಿಗಾರುಗಳಿವೆ. ಹೊಗೆಯಲ್ಲಿರುವ ಟಾರ್ ಮತ್ತು ನಿಕೋಟಿನ್ ಮುಂದಿನ ಎಲೆಗಳ ಮೇಲೆ ಕೂರುತ್ತ ಹೋಗುವುದರಿಂದ ಕೊನೆಯ ಭಾಗ ತಾನಾಗಿಯೇ ಗಡುಸಾಗುತ್ತದೆ. ಆ ಬದಲಾವಣೆಯನ್ನು ಮಿಶ್ರಣದ ಜಾಣ್ಮೆಯೆಂದು ಬರೆದುಕೊಳ್ಳಬಾರದು. ಮೊದಲ ಭಾಗದಿಂದ ಎರಡನೆಯದಕ್ಕೆ ಬರುವಾಗ ಕಾಣುವ ಹೊರಳು ಮಿಶ್ರಣದ ಬಗ್ಗೆ ಹೆಚ್ಚು ಹೇಳುತ್ತದೆ.

ಒಂದೇ ಪೆಟ್ಟಿಗೆಯ ಎರಡು ಸಿಗಾರುಗಳು ಬೇರೆ ಬೇರೆ ರುಚಿ ಕೊಟ್ಟಾಗ ರುಚಿಯ ಹೆಸರುಗಳನ್ನು ಹೋಲಿಸುತ್ತ ಕೂರುವ ಬದಲು ಮೊದಲು ಎರಡರ ಎಳೆತವನ್ನೂ, ಉರಿಯುವ ಅಂಚು ಎಷ್ಟು ನೇರವಾಗಿತ್ತು ಎಂಬುದನ್ನೂ, ಎಷ್ಟು ಹೊತ್ತು ಉರಿದವು ಎಂಬುದನ್ನೂ ಹೋಲಿಸಿ ನೋಡಿ. ಮಿಶ್ರಣ ಎರಡರಲ್ಲೂ ಒಂದೇ. ಇಟ್ಟ ತೇವವೂ ಒಂದೇ ಆಗಿದ್ದರೆ, ನಿಮಗೆ ಸಿಕ್ಕ ವ್ಯತ್ಯಾಸ ಬಹುಮಟ್ಟಿಗೆ ಸುತ್ತಿದ ಕೈಗಳದು.